ಗಂಜಿ ಸುರಿದು ಆರಿಸಿದ ಟೈಲ್ಸ್

ನಮ್ಮ ಅಡಿಗೆಮನೆಯ ಕೆಂಪು ನೆಲದಲ್ಲಿ ಬಗ್ಗಿ ನೋಡಿದರೆ ಮುಖ ಕಾಣುತ್ತಿತ್ತು. ತಾತ ಹಾಸನದ ಕಡೆಯಿಂದ ಬಂದು, ಕುಶಾಲನಗರದ ಹತ್ತಿರ ಗದ್ದೆ ಮಾಡಿ, ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಮನೆ ಕಟ್ಟಿ ಹಾಕಿಸಿದ ನೆಲ ಅದು. ಮೊದಲು ಅಜ್ಜಿ, ಆಮೇಲೆ ಅಮ್ಮ, ತೊಳೆದು ತೊಳೆದು ಒರೆಸಿ ಒರೆಸಿ ಅದನ್ನು ಕನ್ನಡಿ ಮಾಡಿಬಿಟ್ಟಿದ್ದರು. ಊರವರನ್ನು ಅಣಕಿಸುವ ನನ್ನ ವಿದ್ಯೆಯ ಮೊದಲ ಪಾಠಗಳೆಲ್ಲ ಆ ನೆಲದ ಮೇಲೆಯೇ ಆದವು. ಬಾಯಿ ಸೊಟ್ಟ ಮಾಡಿದರೆ ಸೊಸೈಟಿಯ ಸೆಕ್ರೆಟರಿ, ಗಲ್ಲ ಉಬ್ಬಿಸಿ ಕಣ್ಣು ಮುಚ್ಚಿದರೆ ಊಟವಾದ ಮೇಲಿನ ದೊಡ್ಡಪ್ಪ. ಈಗ ವಾರವೆಲ್ಲ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತು, ಭಾನುವಾರಗಳಲ್ಲಿ ಮದುವೆ ಮನೆಯ ಆರ್ಕೆಸ್ಟ್ರಾದವರು ನೀರು ಕುಡಿಯುವ ಹೊತ್ತಿಗೆ ವೇದಿಕೆ ಹತ್ತಿ ಮಿಮಿಕ್ರಿ ಮಾಡುತ್ತೇನೆ. ಜನ ಚಪ್ಪಾಳೆ ತಟ್ಟುತ್ತಾರೆ. ಇವನು ಬೇಗ ಇಳಿಯಲಿ ಅಂತ ತಟ್ಟುವವರೂ ಇರಬಹುದು, ನಾನು ವಿಚಾರಿಸಲು ಹೋಗಿಲ್ಲ.

ಹೋದ ಮಳೆಗಾಲದಲ್ಲಿ ಆ ಕನ್ನಡಿಯ ಮೇಲೆ ಅಮ್ಮ ಜಾರಿ ಬಿದ್ದಳು.

ಮಳೆ ಹಿಡಿದರೆ ನಮ್ಮ ಕಡೆ ನೆಲ ಬೆವರುತ್ತದೆ. ಒರೆಸಿದಷ್ಟೂ ಬೆವರುತ್ತದೆ. ಅಂಥ ಒಂದು ಮಧ್ಯಾಹ್ನ ಅನ್ನ ಬಸಿಯುವಾಗ ಸ್ವಲ್ಪ ಗಂಜಿ ಚೆಲ್ಲಿತು, ಅಮ್ಮ ಅದರ ಮೇಲೆಯೇ ಕಾಲಿಟ್ಟಳು. ಪಾದದ ಗಂಟಿನ ಹತ್ತಿರ ಮೂಳೆ ಮುರಿಯಿತು. ಪ್ಲಾಸ್ಟರ್ ಹಾಕಿದರು, ತೆಗೆದರು, ಮೂಳೆ ಚೆನ್ನಾಗಿ ಕೂಡಿದೆ, ಧೈರ್ಯವಾಗಿ ಓಡಾಡಿ ಅಂದರು ಡಾಕ್ಟರು. ಅಮ್ಮ ಓಡಾಡಿದಳು ಕೂಡ. ಶುಂಠಿ ಹೊಲಕ್ಕೆ ಹೋದಳು, ಬಸ್ಸು ಹತ್ತಿದಳು, ಕೊಟ್ಟಿಗೆಯ ಸಗಣಿ ಎತ್ತಿದಳು. ಅಡಿಗೆಮನೆಯ ಹೊಸ್ತಿಲಿಗೆ ಬಂದರೆ ಮಾತ್ರ ಕಾಲು ನಿಂತುಬಿಡುತ್ತಿತ್ತು. ಒಂದು ಕೈಯನ್ನು ಗೋಡೆಗೆ ಒತ್ತಿಕೊಂಡು, ಬಾವಿಯ ಅಂಚಿನಲ್ಲಿ ನಡೆಯುವವಳ ಹಾಗೆ, ಒಲೆಯ ತನಕ ಹೋಗುವಷ್ಟರಲ್ಲಿ ಹಣೆಯಲ್ಲಿ ನೀರು ಬರುತ್ತಿತ್ತು. ಗೋಡೆ ಹಿಡಿದ ಕೈ ಬಿಡದೆ ಅಡಿಗೆ ಮಾಡುವುದು ಹೇಗೆ? ಮಜ್ಜಿಗೆ ಕಡೆಯುವುದಕ್ಕೂ ಎರಡು ಕೈ ಬೇಕು. ಕೆಲವು ದಿನ ಹಾಗೂ ಹೀಗೂ ನೋಡಿ, ಒಂದು ಬೆಳಿಗ್ಗೆ ಸೌಟನ್ನು ಅಪ್ಪನ ಕೈಗೆ ಕೊಟ್ಟು ಹೊರಗೆ ಬಂದು ಕೂತಳು.

ಅಲ್ಲಿಂದ ನಮ್ಮ ಮನೆಯಲ್ಲಿ ಅಪ್ಪ ಮತ್ತು ನನ್ನ ಅಡಿಗೆ. ಅಪ್ಪನ ಸಾರಿನಲ್ಲಿ ಬೇಳೆ ಒಂದು ಕಡೆ, ನೀರು ಒಂದು ಕಡೆ, ಆಸ್ತಿ ಭಾಗವಾದ ಅಣ್ಣತಮ್ಮಂದಿರ ಹಾಗೆ ಇರುತ್ತಿದ್ದವು. ನಾನು ಕಟ್ಟಿದ ಮುದ್ದೆಯನ್ನು ಹಟ್ಟಿಯ ನಾಯಿ ಮೂಸಿ ನೋಡಿ, ಆಮೇಲೆ ನನ್ನ ಮುಖವನ್ನು ನೋಡಿತು. ಅಮ್ಮ ಅದನ್ನೆಲ್ಲ ಮಾತಿಲ್ಲದೆ ತಿಂದಳು. ನಮಗೆ ಹೆದರಿಕೆಯಾದದ್ದೇ ಅಲ್ಲಿ. ಮದುವೆ ಮನೆಯ ಊಟದಲ್ಲಿ ಪಾಯಸಕ್ಕೆ ಏಲಕ್ಕಿ ಹಾಕಿದ್ದು ಹೊತ್ತಾಯಿತು ಎಂದು ಪತ್ತೆ ಹಚ್ಚುವ ಹೆಂಗಸು, ನನ್ನ ಮುದ್ದೆಗೆ ಒಂದು ಬೈಗುಳವನ್ನೂ ದಾನ ಮಾಡಲಿಲ್ಲ.

ಈ ಬೇಸಿಗೆಯಲ್ಲಿ ನಾನು, ಟೈಲ್ಸ್ ಹಾಕೋಣ, ಮಳೆ ಬರುವಷ್ಟರಲ್ಲಿ ಜಾರದ ನೆಲ ಮಾಡಿಬಿಡೋಣ ಅಂದೆ. ಅಪ್ಪ ಬೀಡಿಯನ್ನು ಹಚ್ಚದೆಯೇ ಬಾಯಲ್ಲಿಟ್ಟುಕೊಂಡು ಯೋಚಿಸಿದ.

"ನೆಲ ಏನೋ ಕೀಳಬಹುದು ಕಣ್ಲಾ. ಅವಳ ಹೆದರಿಕೆ ಕೀಳೋದು ಹೆಂಗೆ?"

ಟೈಲ್ಸ್‌ಗೆ ಗ್ಯಾರಂಟಿ ಇದೆ ಅಂದೆ.

ಕೆಲಸವನ್ನು ನಾವೇ ಮಾಡಬೇಕೆಂದು ಆದದ್ದು ನಮ್ಮ ಶೌರ್ಯದಿಂದಲ್ಲ. ಕೊಡಗಿನಲ್ಲಿ ಈಗ ಹೋಂಸ್ಟೇ ಕಟ್ಟದವನಿಲ್ಲ, ಹೋಂಸ್ಟೇ ಕಟ್ಟುವ ಕಡೆ ಇಲ್ಲದ ಗಾರೆಯವನಿಲ್ಲ. ಫೋನು ಮಾಡಿದ ಮೇಸ್ತ್ರಿಗಳೆಲ್ಲ ಅಡಿಗೆಮನೆಯ ಅಳತೆ ಕೇಳುವ ತನಕ ಬಹಳ ವಿನಯದಲ್ಲಿದ್ದರು. ಅಳತೆ ಹೇಳಿದ ಮೇಲೆ ಒಬ್ಬ, ಅದು ಅಡಿಗೆಮನೆಯೋ ಪಾತ್ರೆ ಇಡುವ ಕಪಾಟೋ ಅಂತ ಕೇಳಿದ. ಇನ್ನೊಬ್ಬ ದೀಪಾವಳಿಯ ನಂತರ ನೋಡೋಣ ಅಂದ, ಯಾವ ವರ್ಷದ್ದು ಅಂತ ಹೇಳಲಿಲ್ಲ. ನಾನು ಫೋನಿನಲ್ಲಿ ಟೈಲ್ಸ್ ಹಾಕುವ ವಿಡಿಯೋಗಳನ್ನು ನೋಡತೊಡಗಿದೆ. ಒಂದು ವಾರ ನೋಡಿದ ಮೇಲೆ ನನಗೆ ಎಲ್ಲ ಗೊತ್ತು ಅನ್ನಿಸಿತು. ಎರಡನೆಯ ವಾರ ನೋಡಿದ್ದರೆ ಏನೂ ಗೊತ್ತಿಲ್ಲ ಅನ್ನಿಸುತ್ತಿತ್ತೇನೋ, ಅದಕ್ಕೆ ಅವಕಾಶ ಕೊಡಲಿಲ್ಲ.

ಮೊದಲು ಹೋದದ್ದು ಪೇಟೆಯ ದೊಡ್ಡ ಶೋರೂಮಿಗೆ. ಒಳಗೆ ಏಸಿ, ಗೋಡೆಯ ಮೇಲೆಲ್ಲ ಟೈಲ್ಸ್, ಕೊರಳಿಗೆ ಟೈ ಕಟ್ಟಿದ ಹುಡುಗ. ಅವನ ಮಾತನ್ನು ಆಮೇಲೆ ಎಷ್ಟೋ ಮದುವೆಗಳಲ್ಲಿ ಬಳಸಿಕೊಂಡಿದ್ದೇನೆ. ಪ್ರತಿ ಮಾತಿನ ಹಿಂದೆ ಒಂದು ಸರ್, ಮುಂದೆ ಒಂದು ಸರ್, ನಡುವೆ ಬಿಡುವಿದ್ದರೆ ಅಲ್ಲಿಗೂ ಒಂದು. ಬಿಳಿಯ ಮೇಲೆ ಬೂದುಗೆರೆ ಓಡಿದ, ಹೊಳೆಯುವ ದೊಡ್ಡ ಟೈಲ್ಸೊಂದನ್ನು ತೋರಿಸಿ, ಇದು ಆಫರಿನಲ್ಲಿದೆ, ಇದನ್ನು ಹಾಕಿದರೆ ಅಡಿಗೆಮನೆ ಅರಮನೆಯಾಗುತ್ತದೆ ಅಂದ. ನಾನು ಬಗ್ಗಿ ನೋಡಿದೆ. ಅದರಲ್ಲಿ ನನ್ನ ಮುಖ, ಇದ್ದದ್ದಕ್ಕಿಂತ ಸ್ವಲ್ಪ ಬೆಳ್ಳಗೆ, ಚೆನ್ನಾಗಿ ಕಾಣಿಸಿತು. ಜಾರದ ಟೈಲ್ಸ್ ತರಲು ಹೋದವನು ಮುಖ ಕಾಣುವ ಟೈಲ್ಸಿಗೆ ಮರುಳಾದೆ. ಸ್ಯಾಂಪಲ್ಲಿಗೆಂದು ಒಂದನ್ನು ಕಂಕುಳಲ್ಲಿಟ್ಟುಕೊಂಡು, ಪದಕ ಗೆದ್ದವನ ಹಾಗೆ ಮನೆಗೆ ತಂದೆ.

ಅಮ್ಮ ಅದನ್ನು ಹಜಾರದ ನೆಲದ ಮೇಲೆ ಇಡಿಸಿದಳು. ಚೊಂಬಿನಿಂದ ಒಂದು ಹನಿ ನೀರು ಬಿಟ್ಟು, ಕುರ್ಚಿಯಲ್ಲಿ ಕೂತಲ್ಲಿಂದಲೇ ಹೆಬ್ಬೆರಳನ್ನು ಅದರ ಮೇಲೆ ಎಳೆದಳು. ಬೆರಳು ಸರ್ರನೆ ಓಡಿತು. ಕಾಲು ಹಿಂದಕ್ಕೆ ತೆಗೆದುಕೊಂಡಳು.

"ಇದ್ರ ಮೇಲೆ ನಿನ್ನ ಮದ್ವೆ ಫೋಟೋ ತೆಗೀಬಹುದು," ಅಂದಳು. "ಅನ್ನ ಬಸಿಯಕ್ಕಾಗಲ್ಲ."

ಆಮೇಲೆ, ನಾಳೆ ಅಂಗಡಿಗೆ ತಾನೇ ಬರುತ್ತೇನೆ ಅಂದಳು.

ಮಾರನೆಯ ದಿನ ಅಪ್ಪನ ಶುಂಠಿ ಸಾಗಿಸುವ ಪಿಕಪ್ಪಿನಲ್ಲಿ ಮೂವರೂ ಹೊರಟೆವು. ಅಮ್ಮನ ತೊಡೆಯ ಮೇಲೆ ಒಂದು ಬುಟ್ಟಿ ಇತ್ತು. ಏನಮ್ಮ ಅದರಲ್ಲಿ, ತಿಂಡಿಯಾ ಅಂತ ಕೇಳಿದ್ದಕ್ಕೆ, ನಿನ್ನ ತಲೆ ಅಂದಳು. ಅದು ಬೈಗುಳದ ಜಾತಿಗೆ ಸೇರಿದ್ದಾದ್ದರಿಂದ ಅಪ್ಪನೂ ನಾನೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿ ಸಮಾಧಾನಪಟ್ಟೆವು.

ಈ ಸಲ ಹೋದದ್ದು ಊರಿನ ಹೊರಗೆ ರಸ್ತೆ ಬದಿಯ ಒಂದು ಶೆಡ್ಡಿಗೆ. ಅಲ್ಲಿ ಲಾಟ್ ಮಾಲು ಸಿಗುತ್ತದೆ. ಲಾಟ್ ಅಂದರೆ, ದೊಡ್ಡ ಅಂಗಡಿಗಳಲ್ಲಿ ಮಾರಿ ಉಳಿದ ಕೊನೆಯ ಪೆಟ್ಟಿಗೆಗಳು, ಕಾರ್ಖಾನೆ ಮಾಡುವುದನ್ನು ನಿಲ್ಲಿಸಿದ ಬಣ್ಣಗಳು. ಅಗ್ಗ. ಆದರೆ ಕಡಿಮೆ ಬಿದ್ದರೆ ಮತ್ತೆ ಸಿಗುವುದಿಲ್ಲ, ಒಂದೇ ಗುರುತಿನ ಎರಡು ಪೆಟ್ಟಿಗೆಯ ಬಣ್ಣವೂ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ. ಅಂಗಡಿಯವರು ಕೇರಳದಿಂದ ಬಂದು ಇಲ್ಲೇ ತಲೆ ನರೆತವರು. ಅಮ್ಮನನ್ನು ಅಕ್ಕ ಅನ್ನುವ ಹಾಗೆ ಚೇಚಿ ಅಂದರು, ನನ್ನನ್ನು ಮಗನೇ ಅನ್ನುವ ಹಾಗೆ ಮೋನೆ ಅಂದರು, ಅಪ್ಪನಿಗೆ ಕುರ್ಚಿ ಕೊಟ್ಟರು. ಬಜೆಟ್ ಕೇಳಿ ಮುಖ ಸಣ್ಣ ಮಾಡಲಿಲ್ಲ. ಅಡಿಗೆಮನೆಯ ಅಳತೆ ಕೇಳಿ ನಗಲಿಲ್ಲ. ಅಲ್ಲಿಗೇ ಅವರು ನನ್ನ ಲೆಕ್ಕದಲ್ಲಿ ಅರ್ಧ ದೇವರಾಗಿದ್ದರು.

ಅಮ್ಮ ಬುಟ್ಟಿಯಿಂದ ಒಂದು ಬಾಟಲಿ ತೆಗೆದಳು. ಬೆಳಿಗ್ಗೆ ಅಪ್ಪನ ಅನ್ನದಿಂದ ಬಸಿದಿಟ್ಟಿದ್ದ ಗಂಜಿ.

ಸರ್‌ಗಳ ಶೋರೂಮಿನಲ್ಲಿ ಇದನ್ನು ತೆಗೆದಿದ್ದರೆ ನಾನು ಅಲ್ಲೇ ಭೂಮಿಗೆ ಇಳಿದುಹೋಗುತ್ತಿದ್ದೆ. ಈ ಮನುಷ್ಯ ಬಾಟಲಿಯನ್ನು ನೋಡಿದರು, ಅಮ್ಮನ ಕಾಲನ್ನು ನೋಡಿದರು. ಶೆಡ್ಡಿನ ಮುಂದೆ ಬಗೆಬಗೆಯ ಟೈಲ್ಸನ್ನು ಒಂದರ ಪಕ್ಕ ಒಂದು ಇಟ್ಟು, ಅವುಗಳ ಬುಡಕ್ಕೆ ಮರಳು ತುಂಬಿ ಅಲ್ಲಾಡದಂತೆ ಮಾಡಿದರು. ಆಮೇಲೆ ಲುಂಗಿ ಎತ್ತಿ ಕಟ್ಟಿ, ಅಮ್ಮನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಹೆಗಲು ತೋರಿಸಿದರು.

"ಹಿಡ್ಕೊಳ್ಳಿ ಚೇಚಿ. ಬೀಳೋದಾದ್ರೆ ನನ್ ಮೇಲೆ ಬೀಳಿ. ಟೈಲ್ಸ್ ಮೇಲೆ ಬಿದ್ರೆ ಒಡೀತದೆ, ಲಾಟ್ ಮಾಲು."

ಅಮ್ಮ ನಕ್ಕಳು. ಚಪ್ಪಲಿ ಬಿಟ್ಟು, ಅವರ ಹೆಗಲು ಹಿಡಿದು, ಮೊದಲನೆಯದರ ಮೇಲೆ ನಾನು ಸುರಿದ ಗಂಜಿಯ ಮೇಲೆ ಕಾಲಿಟ್ಟಳು. ಅದು ಮರದ ಹಲಗೆಯ ಹಾಗೆ ಕಾಣುವ ಟೈಲ್ಸು. ಇಟ್ಟ ಕಾಲು ಅಂಚಿಗೆ ಹೋಗಿ ನಿಂತಿತು. ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟ. ಎರಡನೆಯದು ಪೋರ್ಟಿಕೋದಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಹಾಕುವಂಥದ್ದು, ಮೇಲೆಲ್ಲ ಉಬ್ಬು ತಗ್ಗು. ಕಾಲು ಮೊಳೆ ಹೊಡೆದ ಹಾಗೆ ನಿಂತಿತು. ಇದೇ ಆಗಬಹುದು ಅಂತ ನಾನು ಖುಷಿಪಟ್ಟೆ. ಅಮ್ಮ ಬಗ್ಗಿ ಆ ತಗ್ಗುಗಳಲ್ಲಿ ಕೂತ ಗಂಜಿಯನ್ನು ಉಗುರಿನಿಂದ ಕೆದಕಿ, ಇದನ್ನು ತೊಳೆಯೋಕೆ ದಿನಾ ನಿನ್ನ ಹಲ್ಲುಜ್ಜೋ ಬ್ರಷ್ ಕೊಡ್ತೀಯಾ ಅಂತ ಕೇಳಿದಳು. ಹೀಗೆ ಸಾಗಿತು. ರಸ್ತೆಯಲ್ಲಿ ಹೋಗುವ ಜೀಪಿನವರು ನಿಧಾನ ಮಾಡಿ, ಇದೇನು ಪೂಜೆ ಅಂತ ನೋಡಿಕೊಂಡು ಹೋದರು.

ಕೊನೆಗೆ ಬಂದದ್ದು ಒಂದು ಸಣ್ಣ ಅಳತೆಯ ಟೈಲ್ಸು. ಬಚ್ಚಲು ಮನೆಗೆಂದು ಮಾಡಿದ್ದು. ಹೊಳಪಿಲ್ಲ, ಹೂವಿಲ್ಲ, ಗೆರೆಯಿಲ್ಲ. ಬಣ್ಣ ಹಸಿ ಶುಂಠಿಯ ಸಿಪ್ಪೆಯದ್ದು. ವರ್ಷವಿಡೀ ಶುಂಠಿ ನೋಡಿ ಸಾಕಾದ ಮನೆಗೆ ಶುಂಠಿ ಬಣ್ಣದ ನೆಲವೇ ಅಂತ ನಾನು ಮುಖ ಸಿಂಡರಿಸಿದೆ. ಅಂಗಡಿಯವರು ಅಂಥ ನಾಲ್ಕನ್ನು ಜೋಡಿಸಿಟ್ಟರು. ಸಣ್ಣ ಟೈಲ್ಸಾದರೆ ನಡುವಿನ ಸಂದುಗಳು ಜಾಸ್ತಿ, ಆ ಸಂದುಗಳೇ ಕಾಲು ಹಿಡಿಯುತ್ತವೆ ಅಂದರು. ಅಮ್ಮ ಹತ್ತಿ ನಿಂತಳು. ಗಂಜಿ ಸುರಿದೆ. ಒಂದು ಕಾಲು ಎತ್ತಿ ಇಟ್ಟಳು, ಇನ್ನೊಂದು ಎತ್ತಿ ಇಟ್ಟಳು. ಹಿಮ್ಮಡಿ ತಿರುವಿದಳು. ಏನೂ ಹೇಳಲಿಲ್ಲ. ಮುಖದಲ್ಲೂ ನನಗೆ ಏನೂ ಕಾಣಲಿಲ್ಲ. ಊರವರ ಮುಖವನ್ನೆಲ್ಲ ಕದಿಯುವ ನಾನು ನನ್ನ ಅಮ್ಮನ ಮುಖ ಓದಲಾರದೆ ಬಾಟಲಿ ಹಿಡಿದು ನಿಂತಿದ್ದೆ.

ಹೇಳಿದ್ದು ಕೆಳಗೆ ಕೂತವರು.

"ಮೋನೆ, ಅಮ್ಮನ ಕೈ ಸಡಿಲ ಆಯ್ತು. ನನ್ ಹೆಗಲಿಗೆ ಗೊತ್ತಾಗ್ತದೆ. ಇದೇ ತಗೊ."

ಆ ಮಾತಿಗೆ ನಾನು ಎಷ್ಟು ಸಲ ಮನಸ್ಸಿನಲ್ಲೇ ಕೈ ಮುಗಿದಿದ್ದೇನೋ. ಅವರ ಲುಂಗಿ, ಕುಕ್ಕರುಗಾಲು, ಮೂಗಿನಿಂದ ಬರುವ ಕನ್ನಡ ಎಲ್ಲವನ್ನೂ ನಾನು ಮಾಡಿ ತೋರಿಸಬಲ್ಲೆ, ತೋರಿಸಿದ್ದೇನೆ ಕೂಡ, ಅವರ ಮುಂದೆಯೇ. ಈ ಒಂದು ಮಾತನ್ನು ಮಾತ್ರ ವೇದಿಕೆಗೆ ಹತ್ತಿಸಿಲ್ಲ.

ಪೆಟ್ಟಿಗೆ ಬಿಚ್ಚಿ, ಎರಡೆರಡು ಟೈಲ್ಸನ್ನು ಮುಖಕ್ಕೆ ಮುಖ ಇಟ್ಟು ಅವು ಬಾಗಿಲ್ಲವೇ ಅಂತ ನೋಡುವುದನ್ನು ಅವರೇ ಕಲಿಸಿದರು. ಒಂದು ಪೆಟ್ಟಿಗೆ ಜಾಸ್ತಿ ತಗೊಳ್ಳಿ, ಮತ್ತೆ ಸಿಗದು ಅಂತ ಎಚ್ಚರಿಸಿದರು. ನಾನು ಫೋನಿನಲ್ಲಿ ಲೆಕ್ಕ ಮಾಡಿದ್ದೆನಲ್ಲ, ಬೇಡ ಅಂದೆ. ನನ್ನ ಬುದ್ಧಿವಂತಿಕೆಗೆ ಯಾವಾಗಲೂ ಒಂದು ಪೆಟ್ಟಿಗೆ ಕಡಿಮೆ ಬೀಳುತ್ತದೆ.

ಕೆಲಸ ಶುರುವಾಯಿತು. ಹೊಸ ಗಾರೆ ಹಿಡಿಯಬೇಕಾದರೆ ಹಳೆಯ ನೆಲಕ್ಕೆ ಉಳಿಯಿಂದ ಕೊಚ್ಚು ಹೊಡೆಯಬೇಕು. ಮೊದಲ ಏಟಿಗೆ ಮುಂಚೆ ಅಪ್ಪ ಹೆಗಲಿನ ಟವೆಲು ತೆಗೆದು, ಹೇಗೂ ಕೊಚ್ಚಿಹೋಗುವ ಆ ನೆಲವನ್ನು ಒಂದು ಸಲ ನೀಟಾಗಿ ಒರೆಸಿದ. ಆಮೇಲೆ ಇಬ್ಬರೂ ಸೇರಿ ಕೊಚ್ಚಿದೆವು.

ಗಾರೆ ಹಾಸುವಾಗ ನಾನು ರಸಮಟ್ಟ ತಂದೆ, ನಡುವೆ ನೀರಿನ ಗುಳ್ಳೆ ಓಡಾಡುವ ಆ ಪಟ್ಟಿ. ಅಪ್ಪ ಅದನ್ನು ಆಚೆ ಇಡು ಅಂದ. ಅಪ್ಪ ಹುಟ್ಟಿದಾರಭ್ಯ ಭತ್ತದ ಗದ್ದೆಯಲ್ಲಿ ಕೆಸರು ಮಟ್ಟ ಹೊಡೆದವನು. ಒಂದು ಮೂಲೆಯಲ್ಲಿ ಬೆರಳಷ್ಟು ಏರಿದ್ದರೂ ಅಲ್ಲಿ ಪೈರು ಒಣಗುತ್ತದೆ, ಬೆರಳಷ್ಟು ತಗ್ಗಿದ್ದರೆ ಕೊಳೆಯುತ್ತದೆ. ಅವನ ಗದ್ದೆಯಲ್ಲಿ ನೀರು ನಿಂತರೆ ತಟ್ಟೆಯಲ್ಲಿ ಹಾಲು ನಿಂತ ಹಾಗೆ ಇರುತ್ತದೆ, ಅಕ್ಕಪಕ್ಕದ ಗದ್ದೆಯವರು ಬಂದು ನೋಡಿ ಹೋಗುತ್ತಾರೆ. ಆ ಕೈಯೇ ಅಡಿಗೆಮನೆಗೂ ಇಳಿಯಿತು. ಹಲಗೆ ಎಳೆಯುತ್ತಾನೆ, ಚೊಂಬಿನಿಂದ ನೀರು ಚೆಲ್ಲುತ್ತಾನೆ, ಎಲ್ಲಿ ಓಡಿತು ನೋಡುತ್ತಾನೆ, ತಿದ್ದುತ್ತಾನೆ. ಟೈಲ್ಸ್ ಇಟ್ಟ ಮೇಲೂ ಅದೇ ಪರೀಕ್ಷೆ. ನೀರು ಹಜಾರಕ್ಕೆ ನುಗ್ಗದ ಹಾಗೆ ಹೊಸ್ತಿಲಿನ ಪಕ್ಕ ಒಂದು ಚಿಕ್ಕ ಬದುವನ್ನೂ ಕಟ್ಟಿದ. ನಾನು ಸಂದುಗಳಿಗೆ ಗ್ರೌಟ್ ತುಂಬಿ, ಎದ್ದು ನಿಂತು, ಕದ್ದು ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ನಟ್ಟನಡುವೆ, ಯೋಗಿಯ ಹಾಗೆ ಕೂತಿತ್ತು. ಯಾವ ಮೂಲೆಯಲ್ಲಿಟ್ಟರೂ ಹಾಗೆಯೇ. ಅಪ್ಪನನ್ನು ತಬ್ಬಿಕೊಂಡೆ. ಇಬ್ಬರೂ ಸಿಮೆಂಟಿನ ಗೊಂಬೆಗಳಾಗಿದ್ದೆವು.

ಗಾರೆ ಗಟ್ಟಿಯಾಗಲೆಂದು ಕಾದೆವು. ಶುಕ್ರವಾರ ಬಂತು. ನಮ್ಮ ಮನೆಗಳಲ್ಲಿ ಶುಕ್ರವಾರ ಅಡಿಗೆಮನೆಯನ್ನು ಒರೆಸಿದರೆ ಸಾಲದು, ಬಕೆಟ್ಟಿನಿಂದ ನೀರು ಹೊಯ್ದು ತೊಳೆಯಬೇಕು. ನೀರು ಮೂಲೆಯ ತೂತಿನಿಂದ ಹಿತ್ತಲಿಗೆ ಹರಿದುಹೋಗಬೇಕು. ಬಿದ್ದಂದಿನಿಂದ ಅಮ್ಮ ಅದನ್ನು ಮಾಡಿರಲಿಲ್ಲ. ಅವತ್ತು ಸೀರೆ ಎತ್ತಿ ಸಿಕ್ಕಿಸಿ ಹೊಸ್ತಿಲಿಗೆ ಬಂದಳು. ಮೊದಲು ನೀರು ಹೊಯ್ಯಿ, ಆಮೇಲೆ ಇಳಿಯುತ್ತೇನೆ ಅಂದಳು. ನಾನು ಬಕೆಟ್ಟು ಹೊಯ್ದೆ.

ನೀರು ಹರಡಿತು. ನಿಂತಿತು.

ಇನ್ನೊಂದು ಬಕೆಟ್ಟು ಹೊಯ್ದೆ. ಅದೂ ಹರಡಿ, ಮೊದಲನೆಯದರ ಜೊತೆ ಸೇರಿ, ಮೂಲೆಯಿಂದ ಮೂಲೆಗೆ ಒಂದೇ ಸಮ ನಿಂತಿತು. ಚೂರೂ ಅಲ್ಲಾಡಲಿಲ್ಲ. ಹಿತ್ತಲಿನ ತೂತು ಅಲ್ಲೇ ಇತ್ತು, ನೀರಿಗೆ ಅದರ ಕಡೆ ಹೋಗಬೇಕೆಂದು ಅನ್ನಿಸಲೇ ಇಲ್ಲ. ಮೇಲಿನ ಗಾಜಿನ ಹೆಂಚು ಅದರಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು. ಬದು ಕೂಡ ತನ್ನ ಕೆಲಸ ಚೆನ್ನಾಗಿ ಮಾಡುತ್ತಿತ್ತು. ನೀರು ಹೋಗುವ ಕಡೆಗೆ ನೆಲ ಇಳಿಜಾರಾಗಿರಬೇಕು, ಗಾರೆಯವರು ವಾಟ ಅನ್ನುತ್ತಾರೆ. ನಾನು ನೋಡಿದ ವಿಡಿಯೋಗಳೆಲ್ಲ ಅಡಿಗೆಮನೆಗೆ ನೀರು ಹೊಯ್ಯದ ದೇಶದವು. ಅಪ್ಪನ ಕೈ ನೀರು ನಿಲ್ಲಿಸುವುದರಲ್ಲೇ ಪಳಗಿದ್ದು. ನಾವಿಬ್ಬರೂ ಸೇರಿ ಅಮ್ಮನಿಗೆ ಅಚ್ಚುಕಟ್ಟಾದ ಒಂದು ಗದ್ದೆ ಮಾಡಿಕೊಟ್ಟಿದ್ದೆವು.

"ಪೈರು ಕಿತ್ತು ತನ್ನಿ," ಅಂದಳು ಅಮ್ಮ. "ನಾಟಿ ಮಾಡ್ತೀನಿ."

ನಾನು ನಕ್ಕೆ. ಅಪ್ಪನೂ ನಕ್ಕ. ಅಮ್ಮ ಕೂಡ ನಗುತ್ತಲೇ ಒಂದು ಕಾಲನ್ನು ನೀರಿನ ಮೇಲೆ ಹಿಡಿದಳು. ಮೇಲಿನ ಬೆಳಕು ಹೊಳೆದು ಕೆಳಗಿನ ನೆಲ ನೀರಿನಲ್ಲಿ ಕಾಣುತ್ತಿರಲಿಲ್ಲ. ಕಾಲು ಅಲ್ಲೇ ಗಾಳಿಯಲ್ಲಿ ನಿಂತಿತು. ನಗು ಹೋಯಿತು. ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಕೈಯನ್ನು ಗೋಡೆಗೆ ಕೊಟ್ಟು, ನೀವೇ ಬಳಿದುಬಿಡಿ, ನನಗೆ ಆಗುವುದಿಲ್ಲ ಅಂದು ಹಜಾರಕ್ಕೆ ಹೋದಳು. ಎತ್ತಿ ಸಿಕ್ಕಿಸಿದ ಸೀರೆ ಹಾಗೆಯೇ ಇತ್ತು.

ಮಾರನೆಯ ಬೆಳಿಗ್ಗೆ ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಅಪ್ಪ ಹಾರೆ ಹಿಡಿದು, ತನ್ನ ಜೀವಮಾನದ ಅತ್ಯುತ್ತಮ ಮಟ್ಟವನ್ನು ತೂತಿನ ಕಡೆಯಿಂದ ಎಬ್ಬುತ್ತಿದ್ದ. ಒಲೆಯ ಮುಂದೆ ಅವಳು ನಿಲ್ಲುವ ಜಾಗ ಸಮ ಇರಲಿ, ಅಲ್ಲಿಂದಾಚೆ ಇಳಿಸೋಣ ಅಂತ ಇಷ್ಟೇ ಹೇಳಿದ. ಎಬ್ಬಿದ ಟೈಲ್ಸಿನಲ್ಲಿ ಉಳಿದದ್ದಕ್ಕಿಂತ ಒಡೆದದ್ದೇ ಹೆಚ್ಚು. ಜಾಸ್ತಿ ಪೆಟ್ಟಿಗೆ ಇರಲಿಲ್ಲ.

ಶೆಡ್ಡಿಗೆ ಓಡಿದೆ. ಆ ಮಾಲು ಮುಗಿದಿತ್ತು. ಅಂಗಡಿಯವರು ಕಥೆಯನ್ನೆಲ್ಲ ಕೇಳಿ, ನಗಬಾರದೆಂದು ಬಹಳ ಪ್ರಯತ್ನಪಟ್ಟು, ಸೋತು, ಕಣ್ಣು ಒರೆಸಿಕೊಂಡು ಫೋನು ತೆಗೆದರು. ಉಳಿದ ಪೆಟ್ಟಿಗೆಗಳನ್ನು ಮೂರ್ನಾಡಿನ ಕಡೆಯ ಒಬ್ಬ ಕಾಫಿ ಪ್ಲಾಂಟರ್ ಒಯ್ದಿದ್ದರಂತೆ, ತೋಟದ ಕೆಲಸದವರ ಲೈನ್ ಮನೆಗಳ ಬಚ್ಚಲಿಗೆ. ಅವರಿಗೆ ಫೋನು ಮಾಡಿ, ಚೇಚಿ ಬಿದ್ದದ್ದು, ಗಂಜಿ, ಗದ್ದೆ, ಎಲ್ಲವನ್ನೂ ನನಗಿಂತ ಚೆನ್ನಾಗಿ ಅಭಿನಯಿಸಿ ಹೇಳಿದರು. ನನ್ನ ಹೊಟ್ಟೆಪಾಡಿಗೆ ಪೈಪೋಟಿ ಬಂತಲ್ಲ ಅಂದುಕೊಂಡೆ.

ಪಿಕಪ್ಪಿನಲ್ಲಿ ಮೂರ್ನಾಡಿಗೆ ಹೋದೆ. ಪ್ಲಾಂಟರ್ ದಪ್ಪ ಮೀಸೆಯ, ಗಂಟಲೊಳಗೇ ಮಾತಾಡುವ ಕೊಡವ ಹಿರಿಯರು. ಲೈನ್ ಮನೆಗಳ ಕೆಲಸ ಮುಗಿದು ಒಂದೂವರೆ ಪೆಟ್ಟಿಗೆ ಗೋಡೌನಿನಲ್ಲಿ ಉಳಿದಿತ್ತು. ನಾನು ಬೆಲೆ ಕೇಳಿದೆ. ಅವರು ಮೀಸೆಯನ್ನು ಒಂದು ಸಲ ಒರೆಸಿಕೊಂಡರು.

"ಅಮ್ಮ ನಡೆಯಲಿಕ್ಕೆ ಅಲ್ವಾ? ತಗೊಂಡು ಹೋಗು. ಬೆಲೆ ಗಿಲೆ ಎಂತದ್ದು."

ಅವರ ಮನೆಯವರು ಒಳಗಿನಿಂದ, ಈ ಹುಡುಗ ಮದುವೆಗಳಲ್ಲಿ ಮಿಮಿಕ್ರಿ ಮಾಡುವವನಲ್ಲವಾ ಅಂತ ಗುರುತು ಹಿಡಿದರು. ಹಾಗಾದರೆ ನನ್ನನ್ನು ಮಾಡು ನೋಡುವ ಅಂತ ಪ್ಲಾಂಟರ್ ಪಟ್ಟು ಹಿಡಿದರು. ಬೇಡ ಸರ್ ಅಂದೆ. ಮಾಡದಿದ್ದರೆ ಟೈಲ್ಸ್ ಇಲ್ಲ ಅಂದರು. ಮಾಡಿದರೆ ಗೋಡೆಯ ಮೇಲೆ ಕೋವಿ ತೂಗುತ್ತಿದೆ. ಆದದ್ದಾಗಲಿ ಎಂದು, ಇಲ್ಲದ ಮೀಸೆ ಒರೆಸಿ, ಗಂಟಲೊಳಗೆ, ಬೆಲೆ ಗಿಲೆ ಎಂತದ್ದು ಅಂದೆ. ಒಳಗಿನಿಂದ ಬಂದ ನಗುವಿಗೆ ಅಂಗಳದ ಕೋಳಿಗಳು ಚದುರಿದವು. ಪ್ಲಾಂಟರ್ ನಗಲಿಲ್ಲ. ನಾನು ಹೀಗಾ ಮಾತಾಡೋದು ಅಂತ ಹೆಂಡತಿಯನ್ನು ಕೇಳಿದರು, ಅದೇ ದನಿಯಲ್ಲಿ, ಮೀಸೆ ಒರೆಸುತ್ತ. ಹೊರಡುವಾಗ ಪೆಟ್ಟಿಗೆಯ ಮೇಲೆ ಒಂದು ಪೊಟ್ಟಣ ಕರಿಮೆಣಸನ್ನೂ ಇಟ್ಟರು. ಅಮ್ಮನಿಗೆ, ನಿನಗಲ್ಲ ಅಂತ ಸ್ಪಷ್ಟಪಡಿಸಿದರು.

ಅವರ ಪೆಟ್ಟಿಗೆಯ ಟೈಲ್ಸು ನಮ್ಮದಕ್ಕಿಂತ ಒಂದು ಪಾವಲಿಯಷ್ಟು ಮಬ್ಬು. ಹಾಕಿದ ಮೇಲೆ ಎಲ್ಲಿ ಹಳೆಯದು ನಿಂತು ಹೊಸದು ಶುರುವಾಗುತ್ತದೆ ಅಂತ ಇವತ್ತಿಗೂ ಕಾಣುತ್ತದೆ. ಶುಂಠಿಯ ಸಿಪ್ಪೆಯಲ್ಲೂ ಎಳೆಯದು ಬಲಿತದ್ದು ಇರುವುದಿಲ್ಲವೇ, ಇರಲಿ ಬಿಡು ಅಂದಳು ಅಮ್ಮ. ಅದಕ್ಕೂ ಮೊದಲು ವಾಟ ಕೊಡುವುದೇ ಅಪ್ಪನಿಗೆ ದೊಡ್ಡ ಶಿಕ್ಷೆಯಾಯಿತು. ಇಳಿಜಾರು ಮಾಡು ಅಂದರೆ ಕೈ ಕೇಳದು, ತಿಳಿಯದ ಹಾಗೆ ಮತ್ತೆ ಸಮ ಮಾಡಿಬಿಡುತ್ತಿದ್ದ. ಕೊನೆಗೆ ಅಮ್ಮ ಹೊಸ್ತಿಲಿನಲ್ಲಿ ಕೂತು ಒಂದು ನಿಂಬೆಹಣ್ಣು ಹಿಡಿದುಕೊಂಡಳು. ಹಲಗೆಯಲ್ಲಿ ಎಳೆದ ಗಾರೆಯ ಮೇಲೆ ಒಂದು ರಟ್ಟು ಹಾಸಿ, ಅಮ್ಮ ನಿಂಬೆಹಣ್ಣು ಬಿಡುತ್ತಿದ್ದಳು. ಅದು ನಡುದಾರಿಯಲ್ಲಿ ನಿಂತರೆ ಇನ್ನೂ ಇಳಿಸು ಅನ್ನುತ್ತಿದ್ದಳು, ತೂತಿನ ತನಕ ಓಡಿದರೆ ಜೋರಾಯಿತು, ನನ್ನನ್ನೂ ಉರುಳಿಸ್ತೀರಾ ಅನ್ನುತ್ತಿದ್ದಳು. ನಿಂಬೆಹಣ್ಣು ಅವಸರವಿಲ್ಲದೆ, ಸಂತೆಗೆ ಹೊರಟ ಮುದುಕರ ಹಾಗೆ, ಉರುಳಿ ಹೋಗಿ ಮೂಲೆ ಸೇರಿದಾಗ ಸಾಕು ಅಂದಳು. ಹೊಸ್ತಿಲಿನ ಬದುವನ್ನು ಅಪ್ಪ ತಾನಾಗಿಯೇ ಒಡೆದ.

ಮಳೆ ಈ ಸಲ ಹೇಳದೆ ಕೇಳದೆ ಬಂತು. ನೆಲ ಬೆವರಿತು. ಗೋಡೆ ಬೆವರಿತು, ಉಪ್ಪಿನ ಡಬ್ಬಿ ಬೆವರಿತು. ಅಮ್ಮ ಒಳಗೆ ಬರತೊಡಗಿದ್ದಳು. ಬಂದರೂ ಕೈ ಗೋಡೆಯ ಕಡೆಗೇ ಇತ್ತು, ಒತ್ತುತ್ತಿರಲಿಲ್ಲ, ಸವರಿಕೊಂಡು ಹೋಗುತ್ತಿದ್ದಳು. ಕುಳಿತು ಮಾಡುವ ಕೆಲಸ ಅವಳದು, ಎತ್ತಿ ಇಳಿಸುವುದು ನಮ್ಮದು. ಅಪ್ಪ ಬಾಗಿಲ ಹತ್ತಿರ ಏನಾದರೂ ನೆಪ ಮಾಡಿಕೊಂಡು ನಿಂತಿರುತ್ತಿದ್ದ. ಬಿದ್ದರೆ ಹಿಡಿಯಬಹುದೆಂಬ ಅವನ ಲೆಕ್ಕ ಅಮ್ಮನಿಗೆ ಗೊತ್ತಿತ್ತು, ಗೊತ್ತಿದ್ದದ್ದು ಅವನಿಗೂ ಗೊತ್ತಿತ್ತು. ನಾನು ಅದನ್ನು ಅಣಕಿಸಿ ತೋರಿಸಲಿಲ್ಲ ಅಂದರೆ ವಿಷಯ ಎಷ್ಟು ಗಂಭೀರ ಅಂತ ನನ್ನನ್ನು ಬಲ್ಲವರು ಊಹಿಸಿಕೊಳ್ಳಬಹುದು.

ಒಂದು ಶುಕ್ರವಾರ ಬೆಳಿಗ್ಗೆ ನಾನೂ ಅಪ್ಪನೂ ಅಡಿಗೆಮನೆಯಲ್ಲೇ ಮಣೆ ಹಾಕಿಕೊಂಡು ಗೋಡೆಗೆ ಒರಗಿ, ಕಾಲು ಚಾಚಿ ಕೂತು ಕಾಫಿ ಕುಡಿಯುತ್ತಿದ್ದೆವು. ಅಮ್ಮ ಆಗಷ್ಟೇ ನೆಲ ತೊಳೆದಿದ್ದಳು, ತಾನೇ ನೀರು ಹೊಯ್ದು. ನೀರು ಮೂಲೆಗೆ ಹೋಗುವ ಸದ್ದು ಇನ್ನೂ ನಿಂತಿರಲಿಲ್ಲ. ಒಲೆಯ ಮೇಲೆ ಕಡುಬು ಬೆಂದಿತ್ತು. ಇಳಿಸಿಕೊಡಲು ಅಪ್ಪ ಲೋಟ ಕೆಳಗಿಟ್ಟು ಏಳುವಷ್ಟರಲ್ಲಿ ಅಮ್ಮ ಬಟ್ಟೆ ಹಿಡಿದು, ಹಬೆಯಾಡುವ ಆ ದೊಡ್ಡ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತಿರುಗಿದಳು. ಒದ್ದೆ ನೆಲ. ಅವಳ ಕಣ್ಣು ನೆಲದ ಮೇಲಿರಲಿಲ್ಲ, ಪಾತ್ರೆಯ ಮೇಲಿತ್ತು, ಕಡುಬು ಒಡೆದಿದೆಯೋ ಅಂತ. ಪಾದಗಳು ತಮ್ಮ ಪಾಡಿಗೆ ತಾವು, ಪಟ್ ಪಟ್ ಅಂತ ನಡೆದುಬರುತ್ತಿದ್ದವು. ಅಪ್ಪ ಅರ್ಧ ಎದ್ದವನು ಅರ್ಧದಲ್ಲೇ ಉಳಿದ. ನನ್ನ ಬಾಯಿಗೆ ಯಾರ ದನಿಯೂ ಬರಲಿಲ್ಲ, ನನ್ನದೂ.

"ಎಂತ ನೋಡ್ತಾ ಕೂತ್ರಿ ಇಬ್ರೂ?" ಅಂದಳು ಅಮ್ಮ. "ಕಾಲು ತೆಗೀರಿ. ಬಿಸಿ ಇದೆ."

ನಾವು ಕಾಲು ಮಡಚಿಕೊಂಡೆವು.